ನಡುಮನೆಯಲ್ಲಿ ಬಿಚ್ಚಿದ ಆಂಟೆನಾ

ಹರಪನಹಳ್ಳಿಯ ನಮ್ಮ ಬಾಡಿಗೆ ಮನೆಯ ನಡುಮನೆಯಲ್ಲಿ, ಬೇರೆಯವರಾದರೆ ಟಿ.ವಿ. ಇಡುತ್ತಿದ್ದ ಮೂಲೆಯಲ್ಲಿ, ಬಹಳ ದಿನ ಅಲ್ಯೂಮಿನಿಯಂ ಕೊಳವೆಗಳ ಒಂದು ಕಟ್ಟು ನಿಂತಿತ್ತು. ಮನೆಗೆ ಬಂದವರು ಅದನ್ನು ಪರದೆ ಕಟ್ಟುವ ಕಂಬಿಗಳೆಂದೇ ತಿಳಿಯುತ್ತಿದ್ದರು. ಅದು ಬಾಹ್ಯಾಕಾಶದಲ್ಲಿ ತಾನಾಗಿ ಬಿಚ್ಚಿಕೊಳ್ಳುವ ಆಂಟೆನಾದ ಮಾದರಿ. ನಾನು ಪಾಲಿಟೆಕ್ನಿಕ್‌ನಲ್ಲಿ ಮೆಕ್ಯಾನಿಕಲ್ ಉಪನ್ಯಾಸಕ. ಜೊತೆಯವರು ಸೈಟು, ಮಕ್ಕಳ ಟ್ಯೂಷನ್ನು ಎಂದು ಮಾತಾಡುವ ವಯಸ್ಸಿನಲ್ಲಿ ಪಿಎಚ್.ಡಿ.ಗೆ ಸೇರಿದ್ದೆ.

ವಿಷಯ ಹೇಳಲಿಕ್ಕೆ ಕಷ್ಟವಾದದ್ದಲ್ಲ. ಉಪಗ್ರಹದ ಆಂಟೆನಾ ದೊಡ್ಡದಿದ್ದಷ್ಟೂ ಒಳ್ಳೆಯದು, ಆದರೆ ರಾಕೆಟ್ಟಿನ ತಲೆಯಲ್ಲಿ ಜಾಗ ಕಡಿಮೆ. ಅದಕ್ಕೆ ಕಂಬಿಗಳ ಚೌಕಟ್ಟನ್ನು ಕೀಲು ಕೀಲಿನಲ್ಲೂ ಮಡಿಸಿ, ಕಟ್ಟಿಗೆಯ ಹೊರೆಯಂತೆ ಬಿಗಿದು ಕಳಿಸುತ್ತಾರೆ. ಮೇಲೆ ಹೋದ ಮೇಲೆ ಅದು ಬಿಚ್ಚಿಕೊಂಡು ದೊಡ್ಡ ಬಳೆಯಾಗಬೇಕು. ಬಳೆಯ ನಡುವೆ ತಂತಿಯ ಬಲೆ ಬಿಗಿದುಕೊಳ್ಳಬೇಕು. ಬಿಚ್ಚಿಕೊಳ್ಳುವ ಆ ಹೊತ್ತಿನ ಚಲನೆಯೇ ನನ್ನ ಅಧ್ಯಯನ. ಕೀಲಿನ ಸ್ಪ್ರಿಂಗುಗಳು ಎಷ್ಟು ನೂಕುತ್ತವೆ, ತಿಕ್ಕಾಟ ಎಷ್ಟು ತಡೆಯುತ್ತದೆ, ಕೊನೆಗೆ ಕೀಲುಗಳೆಲ್ಲ ಲಾಕ್ ಆದಾಗ ಚೌಕಟ್ಟು ಎಷ್ಟು ನಡುಗುತ್ತದೆ ಎಂದು ಲೆಕ್ಕ ಹಾಕುವುದು. ನೂಕುವ ಬಲ ಸಾಲದಿದ್ದರೆ ಬಳೆ ಅರ್ಧಕ್ಕೇ ನಿಲ್ಲುತ್ತದೆ. ಬಲ ಹೆಚ್ಚಾಗಿ, ಹಿಡಿತವೂ ಇಲ್ಲದಿದ್ದರೆ, ಲಾಕ್ ಆಗುವ ಹೊಡೆತಕ್ಕೆ ಬಲೆ ಹರಿಯುತ್ತದೆ, ಕಂಬಿ ಬಾಗುತ್ತದೆ, ಉಪಗ್ರಹವೇ ಮಗ್ಗುಲು ತಿರುಗುತ್ತದೆ. ಅದಕ್ಕೇ ಒಂದು ದಾರ ಕಟ್ಟಿ, ಪುಟ್ಟ ಮೋಟರಿನ ಗಾಲಿಗೆ ಸುತ್ತಿ, ಸ್ವಲ್ಪ ಸ್ವಲ್ಪವೇ ಬಿಡುತ್ತಾ ಬರಬೇಕು.

ಮಾದರಿಯ ಕೀಲುಗಳನ್ನು ಕೊಟ್ಟೂರಿನ ಒಂದು ಲೇತ್ ಅಂಗಡಿಯಲ್ಲಿ ಮಾಡಿಸಿದ್ದೆ. ಮಡಚುವುದಕ್ಕೆ ಮನೆಯಲ್ಲಿ ನನಗೆ ಜೊತೆಯಾಗುತ್ತಿದ್ದವಳು ಹೆಂಡತಿ. ಅವಳು ಹತ್ತಿರದ ಹಳ್ಳಿಯೊಂದರಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಸಂಜೆ ಶಾಲೆಯಿಂದ ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ನಾನು ಒಂದು ಬದಿ ಹಿಡಿದರೆ ಅವಳು ಇನ್ನೊಂದು ಬದಿಯಿಂದ ಒತ್ತುತ್ತಾ ಬರುತ್ತಿದ್ದಳು. ಯಾವ ಕೀಲು ಮೊದಲು ಮಡಚಬೇಕು, ಯಾವುದು ಆಮೇಲೆ ಎಂದು ಅವಳಿಗೆ ರೂಢಿಯಾಗಿತ್ತು. ಊರೂರಿನ ಶಾಲೆಗಳಲ್ಲಿ ಇದನ್ನು ತೋರಿಸಬೇಕು ಎಂದವಳೂ ಅವಳೇ. "ಮನಿಯಾಗ ಇಟ್ಕೊಂಡು ಏನ್ ಮಾಡ್ತೀರಿ? ಹುಡುಗರಿಗೆ ತೋರಿಸ್ರಿ" ಎನ್ನುತ್ತಿದ್ದಳು.

ಮೊದಲು ಕರೆ ಬಂದದ್ದು ಕೂಡ್ಲಿಗಿಯ ಒಂದು ಪ್ರೌಢಶಾಲೆಯಿಂದ. ಹೆಂಡತಿಯ ಅಣ್ಣ ಹಡಗಲಿಯಲ್ಲಿ ಮಲ್ಲಿಗೆ ಹೂವಿನ ವ್ಯಾಪಾರ ಮಾಡುವವರು. ಹೂವಿನ ಬುಟ್ಟಿ ಸಾಗಿಸುವ ತಮ್ಮ ಗಾಡಿಯಲ್ಲೇ ನಮ್ಮನ್ನೂ ಆಂಟೆನಾವನ್ನೂ ಕರೆದುಕೊಂಡು ಹೋದರು. ಸಭಾಂಗಣದ ತುಂಬ ಮಕ್ಕಳಿದ್ದರು. ನಾನು ಬಹಳ ಹೊತ್ತು ಮಾತಾಡಿದೆ. ಆಮೇಲೆ ಕಟ್ಟನ್ನು ಬಿಗಿದಿಟ್ಟಿದ್ದ ಪಿನ್ ಎಳೆದೆ. ಕಟ್ಟು ನಿಧಾನವಾಗಿ ಅರಳಿತು, ಅರ್ಧಕ್ಕೆ ಬಂತು, ನಿಂತಿತು. ಮೋಟರು ದಾರ ಬಿಡುತ್ತಲೇ ಇತ್ತು. ಸಡಿಲವಾದ ದಾರ ಮೇಜಿನ ಮೇಲೆ ಸುರುಳಿಯಾಗಿ ಬೀಳತೊಡಗಿತು. ಸ್ಪ್ರಿಂಗು ಸಾಲದೆ ಹೋಗಿತ್ತು. ನಾನು ಬೆರಳಿನಿಂದ ಒಂದು ಕೀಲು ನೂಕಿದೆ, ಆಮೇಲೆ ಇನ್ನೊಂದು. ಮುಂದಿನ ಸಾಲಿನಲ್ಲಿ ಕೂತಿದ್ದ ಊರಿನ ಹಿರಿಯರೊಬ್ಬರು ಪ್ರೀತಿಯಿಂದಲೇ ಕೇಳಿದರು: "ಮ್ಯಾಲೆ ಹೋದಾಗ ನೂಕಾಕ ಯಾರು ಇರ್ತಾರ್ರಿ ಸರ?"

ಮಕ್ಕಳು ನಕ್ಕರು. ಶಿಕ್ಷಕರೂ ನಕ್ಕರು. ಅವರದೇನೂ ತಪ್ಪಿರಲಿಲ್ಲ.  ಕೊನೆಗೆ ಅದನ್ನು ಕೈಯಿಂದಲೇ ಎಳೆದು ಬಿಚ್ಚಿ, ಚಪ್ಪಾಳೆ ಹೊಡೆಸಿಕೊಂಡು ಇಳಿದೆ.

ವಾಪಸು ಬರುವಾಗ ಗಾಡಿಯಲ್ಲಿ ಹೆಂಡತಿ ಸಮಾಧಾನಕ್ಕೆಂದು "ಮುಂದಿನ ಸಲ ಚಲೋ ಆಗ್ತೈತಿ ಬಿಡ್ರಿ" ಎಂದಳು. ನಾನು ಅವಳ ಮೇಲೆ ಹರಿಹಾಯ್ದೆ. "ಎಲ್ಲಾ ನಿನ್ನಿಂದ. ನಿನ್ನ ಮಾತು ಕೇಳಿ ನನ್ನ ಮರ್ಯಾದಿ ಹೋತು. ಬಾಯಿ ಮುಚ್ಚಿಕೊಂಡು ಕೂಡು" ಎಂದೆ. ಇನ್ನೂ ಏನೇನೋ ಅಂದೆ. ಅವಳು ಕಿಟಕಿಯ ಕಡೆ ತಿರುಗಿದಳು. ಅವಳ ಅಣ್ಣ ಗಾಡಿ ಓಡಿಸುತ್ತಿದ್ದರು. ಹಾಡು ಹಾಕಿದ್ದರು, ಅದನ್ನು ಆರಿಸಿದರು, ಅಷ್ಟೇ.

ಮನೆಗೆ ಬಂದ ಮೇಲೆ ಗಟ್ಟಿ ಸ್ಪ್ರಿಂಗುಗಳನ್ನು ತರಿಸಿದೆ. ಬೇಕಾದದ್ದಕ್ಕಿಂತ ಗಟ್ಟಿಯಾದವು. ಎಷ್ಟು ಬೇಕೆಂದು ಲೆಕ್ಕ ಹಾಕುವುದು ನನ್ನ ವಿದ್ಯೆಯೇ ಆಗಿತ್ತು, ಆದರೆ ಆಗ ನಾನು ಲೆಕ್ಕ ಹಾಕಲಿಲ್ಲ. ಇನ್ನೊಮ್ಮೆ ಅರ್ಧಕ್ಕೆ ನಿಲ್ಲಬಾರದು ಎನ್ನುವುದೊಂದೇ ತಲೆಯಲ್ಲಿತ್ತು. ಅಷ್ಟರಲ್ಲಿ ಹೆಂಡತಿ, ನಾನು ಅಂದದ್ದನ್ನೆಲ್ಲ ಬದಿಗಿಟ್ಟು, ಹಡಗಲಿಯಲ್ಲಿ ತಾನು ಓದಿದ ಕಾಲೇಜಿನವರಿಗೆ ಹೇಳಿ ಇನ್ನೊಂದು ಕಾರ್ಯಕ್ರಮ ಗೊತ್ತುಮಾಡಿದ್ದಳು. ತನ್ನ ತವರೂರಲ್ಲಿ ಗಂಡನ ತಲೆ ಮತ್ತೆ ಎತ್ತಿಸಬೇಕು ಎಂದು ಅವಳ ಮನಸ್ಸಿನಲ್ಲಿತ್ತೆಂದು ಕಾಣುತ್ತದೆ.

ಅದೊಂದು ಭಾನುವಾರ, ಮಧ್ಯಾಹ್ನದ ಊಟಕ್ಕೆ ಮುಂಚೆ. ಎರಡು ಸ್ಟೂಲುಗಳ ಮೇಲೆ ಪ್ಲೈವುಡ್ ಹಲಗೆ ಇಟ್ಟು, ಅದರ ಮೇಲೆ ಮಡಚಿದ ಕಟ್ಟನ್ನು ನಿಲ್ಲಿಸಿದ್ದೆ. ಸ್ಪ್ರಿಂಗುಗಳ ಬಲವೊಂದರಿಂದಲೇ ಪೂರ್ತಿ ಬಿಚ್ಚುತ್ತದೋ ನೋಡಬೇಕೆಂದು ಮೋಟರಿನ ಗಾಲಿಯಿಂದ ದಾರ ತೆಗೆದುಹಾಕಿದ್ದೆ. ಹಲಗೆ ಅಲುಗುತ್ತಿತ್ತು, ನಾನು ಕುಕ್ಕರಗಾಲಲ್ಲಿ ಕೂತು ಅದನ್ನು ಎರಡೂ ಕೈಯಿಂದ ಹಿಡಿದುಕೊಂಡೆ. ಅವಳು ಅಡಿಗೆ ಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದಳು.

"ಆ ಪಿನ್ ಸ್ವಲ್ಪ ಎಳಿ" ಎಂದೆ.

ದಾರ ತೆಗೆದಿದ್ದೇನೆ ಎಂದು ಹೇಳಲಿಲ್ಲ. ಅವಳು ಎಂದಿನಂತೆ ಬಗ್ಗಿ, ಮುಖ ಹತ್ತಿರ ತಂದು, ಪಿನ್ ಎಳೆದಳು.

ನನಗೆ ಕಂಡದ್ದು ಏನೂ ಇಲ್ಲ. ಪಾತ್ರೆಗಳ ಸ್ಟ್ಯಾಂಡೇ ಕಳಚಿ ಬಿದ್ದಂಥ ಸದ್ದು ಕೇಳಿತು. ಹಲಗೆ ನನ್ನ ಕೈಯಿಂದ ಹಾರಿತು. ತಲೆ ಎತ್ತಿದಾಗ ಅವಳು ಗೋಡೆಗೆ ಒರಗಿ ನಿಂತಿದ್ದಳು; ಎರಡೂ ಕೈ ಬಾಯಿಯ ಮೇಲಿದ್ದವು, ಬೆರಳುಗಳ ಸಂದಿಯಿಂದ ರಕ್ತ ಇಳಿಯುತ್ತಿತ್ತು. ಆಂಟೆನಾ ನೆಲದ ಮೇಲೆ ಪೂರ್ತಿ ಬಿಚ್ಚಿ, ದುಂಡಗೆ ಬಿದ್ದುಕೊಂಡು ಇನ್ನೂ ನಡುಗುತ್ತಿತ್ತು. ಮೇಲ್ದುಟಿ ಸೀಳಿತ್ತು. ಮುಂದಿನ ಒಂದು ಹಲ್ಲು ಅರ್ಧ ಮುರಿದಿತ್ತು. ಎಡಗೆನ್ನೆ ನನ್ನ ಕಣ್ಣೆದುರೇ ಊದತೊಡಗಿತು.

ಆಟೋದಲ್ಲಿ ದವಾಖಾನೆಗೆ ಕರೆದುಕೊಂಡು ಹೋದೆ. ಭಾನುವಾರದ ಡ್ಯೂಟಿಯಲ್ಲಿ ಹೆಣ್ಣುಮಗಳೊಬ್ಬರು ಡಾಕ್ಟರಿದ್ದರು. ಏನಾಯಿತೆಂದು ಕೇಳಿದರು. "ಆಂಟೆನಾ ಹೊಡೀತ್ರಿ" ಎಂದೆ. "ಮಾಳಿಗಿ ಮ್ಯಾಲಿಂದ ಬಿತ್ತೇನು?" ಎಂದರು. "ಅಲ್ರಿ, ಬಾಹ್ಯಾಕಾಶದ್ದು" ಎಂದೆ. ಅವರು ನನ್ನ ಮುಖ ನೋಡಿದರು. ಹೆಂಡತಿಯ ಕೆನ್ನೆ ನೋಡಿದರು. ಆಮೇಲೆ ತಣ್ಣಗೆ, "ನೀವು ಸ್ವಲ್ಪ ಹೊರಗ ಕೂಡ್ರಿ" ಎಂದು ಬಾಗಿಲು ಹಾಕಿಕೊಂಡರು.

ಹೊರಗೆ ಬೆಂಚಿನ ಮೇಲೆ ಕೂತೆ. ನನ್ನ ಅಂಗಿಯ ಮೇಲೆ ಅವಳ ರಕ್ತವಿತ್ತು. ಮಗುವಿಗೆ ಜ್ವರವೆಂದು ಬಂದಿದ್ದ ಒಬ್ಬ ಹೆಂಗಸು ಎದ್ದು ಆಚೆ ಬೆಂಚಿಗೆ ಹೋಗಿ ಕೂತಳು. ಒಳಗೆ ಡಾಕ್ಟರು ಏನು ಕೇಳುತ್ತಿದ್ದಾರೆ ಎಂದು ಆಗ ಹೊಳೆಯಿತು.  ನಾನು ಎಂದೂ ಅವಳ ಮೇಲೆ ಕೈ ಎತ್ತಿದವನಲ್ಲ. ಆದರೆ ಆ ಬೆಂಚಿನ ಮೇಲೆ ಕೂತಾಗ, ಕೈ ಎತ್ತಿದವನು ಹೇಗೆ ತಲೆ ತಗ್ಗಿಸಿ ಕೂರುತ್ತಾನೋ ಹಾಗೆಯೇ ಕೂತಿದ್ದೆ.

ಮನೆಗೆ ಬಂದ ಮೇಲೆ ನಾನು ಮಾಡಿದ ಮೊದಲ ಕೆಲಸ, ಆಂಟೆನಾವನ್ನು ಹೇಗೋ ಒಬ್ಬನೇ ಮಡಚಿ ದಾರವನ್ನು ಮತ್ತೆ ಗಾಲಿಗೆ ಸುತ್ತಿದ್ದು. ಭಯಕ್ಕೆ ಮಾಡಿದೆ.

ಅವಳು ರಜೆ ಹಾಕಲಿ ಎಂದು ಬೇಡಿಕೊಂಡೆ. ಹೊಲಿಗೆ ಹಾಕಿದ ತುಟಿಯಲ್ಲಿ ಮಾತು ಸರಿಯಾಗಿ ಹೊರಡುತ್ತಿರಲಿಲ್ಲ. "ರಜಾ ಹಾಕಿದ್ರ ಜನ ಇನ್ನೂ ಖರೇ ಅಂತಾರ" ಎಂದು ಬ್ಯಾಗು ಹೆಗಲಿಗೆ ಹಾಕಿಕೊಂಡು ಬಸ್ಸಿಗೆ ಹೋದಳು. ಜನ ಆಗಲೇ ಮಾತಾಡುತ್ತಿದ್ದರು. ಎದುರು ಮನೆಯ ಹೆಂಗಸು ನನ್ನನ್ನು ಕಂಡರೆ ಒಳಗೆ ಹೋಗುತ್ತಿದ್ದಳು. ಹಾಲು ಹಾಕುವವನು ದುಡ್ಡು ತೆಗೆದುಕೊಳ್ಳುವಾಗಲೂ ಮುಖ ನೋಡುತ್ತಿರಲಿಲ್ಲ. ಕಾಲೇಜಿನಲ್ಲಿ, ಹಗರಿಬೊಮ್ಮನಹಳ್ಳಿಯಿಂದ ದಿನಾ ಓಡಾಡುವ ಒಬ್ಬ ಸಹೋದ್ಯೋಗಿ ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತಾ, "ಸರ, ನಮ್ಮನಿಗೂ ಒಂದು ಆಂಟೆನಾ ಬೇಕಾಗಿತ್ತು. ನಮ್ಮಾಕಿ ಭಾಳ ಮಾತಾಡ್ತಾಳ" ಎಂದ. ಇಬ್ಬರು ನಕ್ಕರು. ನನಗೆ ಅವನ ಕಪಾಳಕ್ಕೆ ಹೊಡೆಯಬೇಕೆನ್ನಿಸಿತು. ಹೊಡೆದಿದ್ದರೆ ಅವರ ಅನುಮಾನವೇ ಗಟ್ಟಿಯಾಗುತ್ತಿತ್ತು. ಲೋಟ ಇಟ್ಟು ಎದ್ದು ಬಂದೆ. ನಾನು ಹೊಡೆದಿದ್ದೇನೆ ಎಂದು ನಂಬಿ ಮುಖ ತಿರುಗಿಸಿದವರಿಗಿಂತ, ಹಾಗೆಂದು ನಂಬಿಯೂ ನಗುವವನು ನನಗೆ ಹೆಚ್ಚು ಅಸಹ್ಯವಾದ. 

ಆ ವಾರದಲ್ಲೇ ಒಂದು ದಿನ ಬೆಳಿಗ್ಗೆ ಹೆಂಡತಿಯ ಅಣ್ಣ ಬಂದರು. ಹರಪನಹಳ್ಳಿಯ ಸಂತೆಯಲ್ಲಿ ಯಾರೋ ನೆಂಟರು ಅವಳ ಮುಖ ನೋಡಿ ಫೋನ್ ಮಾಡಿದ್ದರಂತೆ. ಕೈಯಲ್ಲಿ ಎಂದಿನ ಹಾಗೆ ಹೂವಿನ ಪೊಟ್ಟಣವಿರಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದವರು ನನ್ನ ಕಡೆ ನೋಡದೆ ನೇರ ತಂಗಿಯ ಮುಂದೆ ನಿಂತರು. ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿದರು.

"ಖರೇ ಹೇಳು. ಮೇಷ್ಟ್ರು ಕೈ ಮಾಡ್ಯಾರೇನು?"

"ಇಲ್ಲಣ್ಣ. ಆ ಕಂಬಿ ಬಡೀತು. ಪಿನ್ ಎಳದಾಕಿ ನಾನೇ."

"ಕಂಬಿ" ಎಂದರು ಅವರು.

"ಹೂಂ, ಕಂಬಿ."

ಅವರು ಆಗ ನನ್ನ ಕಡೆ ತಿರುಗಿದರು. "ಕೂಡ್ಲಿಗಿಯಿಂದ ಬರೋವಾಗ ನೀವು ಆಕಿಗೆ ಅಂದಿದ್ದೆಲ್ಲಾ ನಾ ಕೇಳೀನ್ರಿ. ನನ್ನ ಮುಂದೇ ಹಂಗ ಮಾತಾಡೋರು, ಮನಿಯಾಗ ಹೆಂಗಿರ್ತೀರಿ ಅಂತ ನನಗೇನ್ ಗೊತ್ತು?"

 ನನಗೆ ಅವಸರವಾಯಿತು. "ಭಾವ, ಬರ್ರಿಲ್ಲಿ. ತೋರಿಸ್ತೀನಿ. ನೀವ ನೋಡ್ರಿ" ಎಂದೆ.

"ಬ್ಯಾಡ್ರಿ" ಎಂದಳು ಹೆಂಡತಿ. "ನಾ ಹೇಳೀನಲ್ಲ. ಸಾಲಂಗಿಲ್ಲೇನು?"

ನಾನು ಕೇಳಲಿಲ್ಲ. ಕಟ್ಟನ್ನು ಎಳೆದು ತಂದು ಹಲಗೆಯ ಮೇಲೆ ನಿಲ್ಲಿಸಿದೆ. ಅವಳು ಎದ್ದು ಅಡಿಗೆ ಮನೆಗೆ ಹೋದಳು. ಅವರು ಕುರ್ಚಿಯ ಮೇಲೆ ಮಂಡಿಯ ಮೇಲೆ ಕೈಯಿಟ್ಟು ಕೂತರು. ನಾನು ಪಿನ್ ಎಳೆದೆ.

ದಾರ ಗಾಲಿಗೆ ಸುತ್ತಿದ್ದದ್ದನ್ನು ಮರೆತಿದ್ದೆ. ಮೋಟರು ಗುಂಯ್ ಎಂದು ತಿರುಗಿತು. ಕಟ್ಟು ಮೆಲ್ಲಗೆ ಸಡಿಲಾಯಿತು, ಕಂಬಿಗಳು ಒಂದೊಂದೇ ದೂರ ಸರಿದವು, ಎಲ್ಲೂ ತಡೆಯದೆ, ಎಲ್ಲೂ ಎಗರದೆ ಬಳೆಯಾಯಿತು. ಕೊನೆಗೆ ಕೀಲುಗಳು ಸಣ್ಣಗೆ ಟಿಕ್ಕೆಂದು ಕೂತವು. ಅಷ್ಟು ಚೆನ್ನಾಗಿ ಅದು ಅದುವರೆಗೆ ಬಿಚ್ಚಿಕೊಂಡಿರಲೇ ಇಲ್ಲ.

ಅವರು ಬಹಳ ಹೊತ್ತು ಅದನ್ನೇ ನೋಡಿದರು. "ಇದು ಹೊಡೀತೇನ್ರಿ?" ಎಂದರು.

ನಾನು ವಿವರಿಸಲು ತೊಡಗಿದೆ. ಸ್ಪ್ರಿಂಗಿನಲ್ಲಿ ಅಡಗಿದ ಶಕ್ತಿ, ದಾರದ ಹಿಡಿತ, ಹಿಡಿತವಿಲ್ಲದಿದ್ದರೆ ಆ ಶಕ್ತಿಯೆಲ್ಲ ವೇಗವಾಗುವುದು, ಲಾಕ್ ಆದ ಕ್ಷಣ ಅದು ಎಲ್ಲಿಗಾದರೂ ಹೋಗಲೇಬೇಕಾದದ್ದು. ಪ್ರಬಂಧದಲ್ಲಿ ಬರೆದ ಮಾತುಗಳೇ. ಮಾತಾಡಿದಷ್ಟೂ ನನ್ನ ಕಿವಿಗೇ ಅದು ಸುಳ್ಳುಗಾರನ ಮಾತಿನಂತೆ ಕೇಳುತ್ತಿತ್ತು. ಅವರು ಎದ್ದು ನಿಂತು, ಒಳಗಿನ ಕಡೆ ನೋಡಿ, "ಬಟ್ಟಿ ತುಂಬಿಕೋ. ಸ್ವಲ್ಪ ದಿನ ಊರಾಗ ಇರುವಂತಿ" ಎಂದರು.

ಹೆಂಡತಿ ಹೊರಗೆ ಬಂದಳು. ಕೈಯಲ್ಲಿ ಕಸಬರಿಗೆಯ ಉದ್ದನೆಯ ಕೋಲಿತ್ತು. ಬಳೆಯ ಒಂದು ಬದಿಗೆ ನಿಂತು ಒತ್ತತೊಡಗಿದಳು. ನಾನು ಅಭ್ಯಾಸಬಲದಿಂದ ಇನ್ನೊಂದು ಬದಿಗೆ ಹೋದೆ. ಇಬ್ಬರೂ ಸೇರಿ ಮಡಚಿದೆವು. ಅವಳು ಪಿನ್ ಹಾಕಿದಳು. ಗಾಲಿಯಿಂದ ದಾರವನ್ನು ಜಾರಿಸಿ ತೆಗೆದಳು. ಪಿನ್ನಿನ ಉಂಗುರಕ್ಕೆ ಕೋಲಿನ ತುದಿಯ ಕೊಕ್ಕೆ ಸಿಕ್ಕಿಸಿ ಅಡಿಗೆ ಮನೆಯ ಬಾಗಿಲ ಹಿಂದೆ ನಿಂತಳು.

"ಹಿಂದ ಸರೀರಿ ಇಬ್ರೂ" ಎಂದಳು. ಎಳೆದಳು.

ಹಲಗೆ ಕುಸಿಯಿತು. ಆಂಟೆನಾ ಅದರ ಮೇಲಿಂದ ಎಗರಿ ಗೋಡೆಗೆ ಬಡಿದು ನೆಲಕ್ಕೆ ಬಿತ್ತು. ಗೋಡೆಯ ಗಾರೆ ಅಂಗೈಯಗಲ ಕಿತ್ತು ಬಂತು. ಬಿದ್ದ ಮೇಲೂ ಅದು ಗಡಗಡ ಅಲ್ಲಾಡುತ್ತಿತ್ತು. ನಾನು ಲೆಕ್ಕದಲ್ಲಿ ಎಷ್ಟೋ ಸಲ ಬಿಡಿಸಿದ್ದ ಆ ನಡುಕ, ಒಂದು ಗೆರೆಯಾಗಿ ಮೇಲೆ ಕೆಳಗೆ ಹೊಯ್ದಾಡಿ ಸಣ್ಣಗಾಗುತ್ತಾ ಹೋಗುವುದು, ನಮ್ಮ ನಡುಮನೆಯ ನೆಲದ ಮೇಲೆ ಸದ್ದಾಗಿ ಕೇಳಿಸಿತು. ಅವಳ ಅಣ್ಣ ಎರಡೂ ತೋಳಿಂದ ಮುಖ ಮುಚ್ಚಿಕೊಂಡಿದ್ದರು. ತೋಳು ಇಳಿಸಿದಾಗ ಅವರ ಮುಖ ಬಿಳಿಚಿಕೊಂಡಿತ್ತು.

"ಈಗ ನಂಬಿದಿ, ಹೌದಿಲ್ಲೋ?" ಎಂದಳು ಅವಳು. "ಗ್ವಾಡಿ ಹೇಳಿದ್ದು ನಂಬಿದಿ. ನಾ ಹೇಳಿದ್ದು ನಂಬಲಿಲ್ಲ."

"ನಿನ್ನ ಚಿಂತಿಗೆ ಬಂದೆನವ್ವಾ" ಎಂದರು ಅವರು, ಸಣ್ಣ ದನಿಯಲ್ಲಿ.

"ಗೊತ್ತೈತಿ ಅಣ್ಣ." ಆಮೇಲೆ ಅವಳು ನನ್ನ ಕಡೆ ನೋಡಿದಳು. "ನಿಮಗ ನಿಮ್ಮ ಹೆಸರು ಸ್ವಚ್ಛ ಆದ್ರ ಸಾಕಾಗಿತ್ತು. ನಾ ಬ್ಯಾಡ ಅಂದಿದ್ದು ಕಿವಿಗೇ ಬೀಳಲಿಲ್ಲ."

ಅಣ್ಣ ಹೋಗುವಾಗ ನನ್ನ ಹೆಗಲ ಮೇಲೆ ಕೈಯಿಟ್ಟರು. ಕ್ಷಮೆ ಕೇಳುವ ರೀತಿ ಅದು. ನಾನು ಅದಕ್ಕೆ ಹಿಗ್ಗಬೇಕಿತ್ತು. ಆದರೆ ಅವಳಿನ್ನೂ ಬಾಗಿಲ ಹತ್ತಿರ ಕೋಲು ಹಿಡಿದು ನಿಂತಿದ್ದಳು. ನಾವಿಬ್ಬರು ಗಂಡಸರು ಅವಳ ಕಣ್ಣ ಮುಂದೆ ರಾಜಿಯಾಗುತ್ತಿದ್ದೆವು. ಅವತ್ತು ನನಗೆ ಆದ ನಾಚಿಕೆ, ದವಾಖಾನೆಯ ಬೆಂಚಿನ ಮೇಲೆ ಆದದ್ದಕ್ಕಿಂತ ಬೇರೆ. ಅಲ್ಲಿ, ಮಾಡದೇ ಇದ್ದದ್ದಕ್ಕೆ ನಾಚಿದ್ದೆ. ಇಲ್ಲಿ ಮಾಡಿದ್ದೇ ಎದುರಿಗೆ ನಿಂತಿತ್ತು.

ಹಡಗಲಿಯ ಕಾರ್ಯಕ್ರಮ ರದ್ದು ಮಾಡೋಣ ಎಂದೆ. ಅವಳು ಒಪ್ಪಲಿಲ್ಲ. "ನಾ ಮಾತು ಕೊಟ್ಟೀನಿ" ಎಂದಳು. ಸ್ಪ್ರಿಂಗುಗಳನ್ನು ಈ ಸಲ ಲೆಕ್ಕ ಹಾಕಿ ಬದಲಿಸಿದೆ. ದಾರ ಹರಿದರೂ ವೇಗ ಏರದಂತೆ ಇನ್ನೊಂದು ತಡೆ ಹಾಕಿದೆ. ಹಲ್ಲಿಗೆ ಕ್ಯಾಪ್ ಹಾಕಿಸಿಕೊಂಡು, ತುಟಿಯ ಹೊಲಿಗೆ ಬಿಚ್ಚಿಸಿಕೊಂಡು ಅವಳು ಜೊತೆಗೆ ಬಂದಳು. ತನ್ನ ಹಳೆಯ ಮೇಡಂಗಳ ಪಕ್ಕ ಎರಡನೇ ಸಾಲಿನಲ್ಲಿ ಕೂತಳು.

ಅವತ್ತು ಎಲ್ಲ ಸರಿಯಾಗಿ ಬಿಚ್ಚಿತು. ಚಪ್ಪಾಳೆ ಬಿತ್ತು. ಒಬ್ಬ ವಿದ್ಯಾರ್ಥಿನಿ ಎದ್ದು, "ಸರ, ಇಷ್ಟು ನಿಧಾನ ಯಾಕ? ಜೋರಾಗಿ ಬಿಚ್ಚಿದ್ರ ಏನಾಗ್ತೈತಿ?" ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ಉಪಗ್ರಹ ಮಗ್ಗುಲು ತಿರುಗುತ್ತದೆ, ಬಲೆ ಹರಿಯುತ್ತದೆ ಎಂದು ಹೇಳಿದ್ದರೆ ಸಾಕಿತ್ತು. ನನಗೆ ಪ್ರಾಮಾಣಿಕನಾಗಬೇಕು ಎನ್ನಿಸಿತು. "ಒಮ್ಮೆ ನಮ್ಮ ಮನೆಯಲ್ಲಿ ಹಾಗೆ ಬಿಚ್ಚಿತು. ನನ್ನ ತಪ್ಪಿನಿಂದ. ನಮ್ಮ ಮನೆಯವರ ಬಾಯಿಗೆ ಹೊಡೆಯಿತು" ಎಂದೆ.

ಸಭೆಯ ತಲೆಗಳೆಲ್ಲ ಒಟ್ಟಿಗೆ ಎರಡನೇ ಸಾಲಿನ ಕಡೆ ತಿರುಗಿದವು. ಅವಳು ಸೆರಗಿನ ತುದಿಯನ್ನು ಬಾಯಿಯ ಮೇಲೆ ಎಳೆದುಕೊಂಡಳು. ಪಕ್ಕದ ಮೇಡಂ ಬಗ್ಗಿ ಏನೋ ಕೇಳಿದರು. ಅವಳು ತಲೆಯಾಡಿಸಿದಳು. ನಾನು ಮಾತು ಮುಂದುವರಿಸಿದೆ, ಏನು ಹೇಳಿದೆನೋ ನೆನಪಿಲ್ಲ.

ಬಸ್ಸು ಹೊಳಲು ಊರು ದಾಟಿದ ಮೇಲೆ ಅವಳು ಕೇಳಿದಳು.

"ಅದನ್ನ ಅಲ್ಲಿ ಹೇಳಬೇಕಿತ್ತೇನ್ರಿ?"

"ಖರೇ ಹೇಳಿದ್ರ ಚಲೋ ಅನಿಸ್ತು."

"ನಿಮಗ" ಎಂದಳು.

 ಹರಪನಹಳ್ಳಿಯಲ್ಲಿ ಇಳಿಯುವಾಗ ಆಂಟೆನಾದ ಚೀಲದ ಒಂದು ಹಿಡಿಯನ್ನು ಅವಳೇ ಹಿಡಿದುಕೊಂಡಳು.

ಪ್ರಬಂಧ ಮುಗಿಯಿತು. ಲಾಕ್ ಆಗುವಾಗಿನ ಹೊಡೆತದ ಅಧ್ಯಾಯವನ್ನು ಪರೀಕ್ಷಕರು ಮೆಚ್ಚಿದರು; ಹಿಡಿತವಿಲ್ಲದೆ ಬಿಚ್ಚಿದಾಗಿನ ವಿವರ ಬಹಳ ಸ್ಪಷ್ಟವಾಗಿದೆ, ಪ್ರಯೋಗ ಎಲ್ಲಿ ಮಾಡಿದಿರಿ ಎಂದರು. "ಮನೆಯಲ್ಲಿ" ಎಂದು ಮಾತ್ರ ಹೇಳಿದೆ. ಕಾಲೇಜಿನಲ್ಲಿ ಈಗ ನನ್ನನ್ನು ಡಾಕ್ಟರೇ ಎಂದು ಕರೆಯುತ್ತಾರೆ. ಆಂಟೆನಾ ಈಗ ಪ್ರಯೋಗಾಲಯದಲ್ಲಿದೆ, ಮಡಚುವಾಗ ವಿದ್ಯಾರ್ಥಿಗಳು ಕೈ ಜೋಡಿಸುತ್ತಾರೆ. ನಮ್ಮ ಓಣಿಯ ಕೆಲವರು ಇಂದಿಗೂ ಅವಳನ್ನು ಒಂಥರಾ ಕನಿಕರದಿಂದ ಮಾತಾಡಿಸುತ್ತಾರೆ. ಅವಳು ಯಾರಿಗೂ ವಿವರಿಸಲು ಹೋಗುವುದಿಲ್ಲ. ನಾನೂ ಬಿಟ್ಟಿದ್ದೇನೆ.

ಇದನ್ನು ಬರೆಯುವ ಮುಂಚೆ ಅವಳನ್ನು ಕೇಳಿದೆ. ಹಾಗೆ ಮೊದಲೇ ಕೇಳುವುದು ನನಗೆ ಇನ್ನೂ ಹೊಸದು; ಮಾತು ಎತ್ತಲಿಕ್ಕೆ ಒಂದು ಸಂಜೆ ಪೂರ್ತಿ ಹಿಡಿಯಿತು. ಅವಳು ಮಕ್ಕಳ ಕಾಪಿ ಬರಹ ತಿದ್ದುತ್ತಾ ಕೂತಿದ್ದಳು. ತಲೆ ಎತ್ತದೆ, "ಬರೀರಿ" ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ಆದ್ರ ನಾ ಅವತ್ತು ಅತ್ತೆ ಅಂತ ಮಾತ್ರ ಬರೀಬ್ಯಾಡ್ರಿ. ನಾ ಅತ್ತಿಲ್ಲ" ಎಂದಳು.

ಅದು ನಿಜ. ಅವಳು ಅಳಲಿಲ್ಲ.